ವಯೋಲದ ಕೊನೆಯ ಹಾಳೆ

ಮಾರ್ಚ್ 3, ಸೋಮವಾರ

ಅಕ್ಷರ ಸೊಟ್ಟಗಾಗುತ್ತಿವೆ, ಆಗಲಿ. ಓದುವವರು ಯಾರಿದ್ದಾರೆ. ಯಾರಾದರೂ ಓದಿಬಿಟ್ಟರೆ ಎಂಬ ಹೆದರಿಕೆಗೇ ನಾನು ದಿನಚರಿಯನ್ನು ಪೆನ್ಸಿಲಿನಲ್ಲಿ ಬರೆಯುವುದು. ಬೇಡವೆನಿಸಿದ ದಿನ ರಬ್ಬರ್ ತೆಗೆದುಕೊಂಡು ಉಜ್ಜಿಬಿಡಬಹುದು.

ರಬ್ಬರ್ ಎಂದು ಬರೆದ ಕೂಡಲೇ ಪೆನ್ಸಿಲ್ ಕೆಳಗಿಟ್ಟು, ಮತ್ತೆ ಎತ್ತಿಕೊಂಡೆ.

ಬೆಳಿಗ್ಗೆ ಹತ್ತಕ್ಕೆ ಕಡ್ಡಿ ಸಾಹೇಬರು ಎಲ್ಲರನ್ನೂ ಅಭ್ಯಾಸದ ಹಾಲಿಗೆ ಕರೆದರು. ನಮ್ಮ ವಾದ್ಯವೃಂದಕ್ಕೆ ಹೊಸದಾಗಿ ಬಂದ ಕಂಡಕ್ಟರು ಅವರು. ಕಂಡಕ್ಟರ್ ಎಂದರೆ ನಮ್ಮ ಅತ್ತೆ "ಟಿಕೆಟ್ ಹರೀತಾರೇನೇ?" ಎಂದು ಕೇಳುತ್ತಾರೆ. ಅದಕ್ಕೇ ಮನೆಯಲ್ಲಿ ಅವರಿಗೆ ಕಡ್ಡಿ ಸಾಹೇಬರು ಎಂದು ಹೆಸರಿಟ್ಟಿದ್ದೇವೆ. ಕೈಯಲ್ಲಿ ಸದಾ ಆ ಬಿಳಿ ಕಡ್ಡಿ ಇರುತ್ತದಲ್ಲ.

ಏಪ್ರಿಲ್ ಐದಕ್ಕೆ ವಾದ್ಯವೃಂದಕ್ಕೆ ಐವತ್ತು ವರ್ಷ ತುಂಬುತ್ತದೆ. ಅವತ್ತು ದೊಡ್ಡಯ್ಯನ 'ಸೇತುವೆ' ನುಡಿಸುವುದಂತೆ. ದೊಡ್ಡಯ್ಯ ಎಂದರೆ ಈ ವಾದ್ಯವೃಂದ ಕಟ್ಟಿದವರು, ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. 'ಸೇತುವೆ'ಯನ್ನು ನುಡಿಸಿದ್ದು ಒಂದೇ ಒಂದು ಸಲ, ಮೂವತ್ತೊಂದು ವರ್ಷದ ಹಿಂದೆ. ನಾನಿನ್ನೂ ಸೇರಿರಲಿಲ್ಲ. ಅದರ ಮೂರನೆಯ ಭಾಗದಲ್ಲಿ ವಾದ್ಯಗಳೆಲ್ಲ ಒಂದೇ ಸ್ವರ ಹಿಡಿದು ಸಣ್ಣಗೆ ನಿಂತುಬಿಡುತ್ತವೆ, ಒಂಟಿ ಹೆಣ್ಣು ದನಿ ಮಾತಿಲ್ಲದೆ ಹಾಡುತ್ತದೆ. ಕೇಳಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ಆದರೆ ದೊಡ್ಡಯ್ಯನ ಮೂಲಪ್ರತಿಯಲ್ಲಿ ಆ ಜಾಗ ಖಾಲಿ. 'ಇಲ್ಲಿ ಹೆಣ್ಣು ದನಿ' ಎಂದಷ್ಟೇ ಬರೆದಿದೆ. ಹಾಡಿದಾಕೆ ತೀರಿಕೊಂಡಿದ್ದಾರೆ. ಅವತ್ತಿನ ಟೇಪು ಬೂಷ್ಟು ಹಿಡಿದು ಹಾಳಾಗಿದೆ.

ಸಾಹೇಬರು ಒಂದು ಕಾಗದ ತೆಗೆದು ಓದಿದರು. ದೊಡ್ಡಯ್ಯನ ಮಗಳು ಬರೆದದ್ದು. 'ನನಗಾಗ ಹದಿನಾಲ್ಕು ವರ್ಷ. ಮುಂದಿನ ಸಾಲಿನಲ್ಲಿ ಕೂತಿದ್ದೆ. ಗಾಯಕಿ ಕೈಯಲ್ಲಿ ಹಿಡಿದು ಹಾಡಿದ್ದು ವಯೋಲ ವಿಭಾಗದ ಕೊನೆಯ ಕುರ್ಚಿಯ ಸ್ವರದ ಹಾಳೆಯನ್ನು. ಅದರ ಅಡಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು. ಅಪ್ಪನ ಆ ಹಾಳೆ ನಿಮ್ಮ ಲೈಬ್ರರಿಯಲ್ಲಿ ಇರಲೇಬೇಕು.'

"ಲೈಬ್ರರಿಯಮ್ಮ ಎಲ್ಲಿ?" ಎಂದರು ಸಾಹೇಬರು. ಎಪ್ಪತ್ತು ತಲೆ ನನ್ನ ಕಡೆ ತಿರುಗಿದವು.

"ಇದೆ ಸಾರ್. ಈಗ್ಲೇ ತಂದೆ," ಎಂದು ಓಡಿದೆ. ಓಡುವಾಗ ಒಳಗೊಳಗೆ ಜಂಬವೂ ಇತ್ತು, ಸುಳ್ಳು ಹೇಳಬಾರದು. ಮೂರನೇ ಕಪಾಟು, ನಾಲ್ಕನೇ ಅರೆ. 'ಸೇತುವೆ'ಯ ಕಟ್ಟು ಬಿಚ್ಚಿದೆ. ವಯೋಲ ಎಂದರೆ ಪಿಟೀಲಿಗೆ ಅಕ್ಕನ ಹಾಗೆ, ಸ್ವಲ್ಪ ದಪ್ಪ, ಸ್ವಲ್ಪ ತಗ್ಗಿದ ದನಿ. ಅದರ ಕೊನೆಯ ಹಾಳೆ ತೆಗೆದು ನೋಡಿದೆ.

ಅಡಿಭಾಗ ಬೆಳ್ಳಗೆ ತೊಳೆದ ತಟ್ಟೆಯ ಹಾಗಿತ್ತು.

ಆಗ ನೆನಪಾಯಿತು. ಹೋದ ಜುಲೈ. ಇದೇ ಮೇಜು, ಇದೇ ಕಿಟಕಿ. ಇರುವೆ ಸಾಲಿನ ಹಾಗೆ ಸಣ್ಣ ಸಣ್ಣ ಸ್ವರ. ಪಕ್ಕದಲ್ಲಿ ರಬ್ಬರ್ ಪುಡಿ. ಅಳಿಸಿದವಳು ನಾನೇ.

ಎಷ್ಟು ಹೊತ್ತು ನಿಂತಿದ್ದೆನೋ. ಕೊನೆಗೆ ಹಾಲಿನ ಬಾಗಿಲಲ್ಲಿ ಬರೀ ತಲೆ ತೂರಿಸಿ, "ಕಟ್ಟು ಎಲ್ಲೋ ಬೆರೆತುಹೋಗಿದೆ ಸಾರ್, ಹುಡುಕ್ತೀನಿ," ಎಂದೆ.

ಇಪ್ಪತ್ತೇಳು ವರ್ಷದಲ್ಲಿ ಇದು ಆ ಬಾಗಿಲಲ್ಲಿ ನಿಂತು ಹೇಳಿದ ಮೊದಲ ಸುಳ್ಳು.

ಮಾರ್ಚ್ 4, ಮಂಗಳವಾರ

ಹೊಟ್ಟೆನೋವು ಎಂದು ರಜಾ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ನಿಜವಾಗಿಯೂ ಹೊಟ್ಟೆನೋವು ಬಂತು.

ಮಾರ್ಚ್ 6, ಗುರುವಾರ

ಸಾಹೇಬರು ತಾವೇ ಲೈಬ್ರರಿಗೆ ಬಂದರು. ಈವರೆಗೆ ಯಾವ ಕಂಡಕ್ಟರೂ ಒಳಗೆ ಬಂದಿಲ್ಲ. ಬಾಗಿಲಲ್ಲಿ ನಿಂತು ಚೀಟಿ ಕೊಟ್ಟು ಹೋಗುತ್ತಾರೆ. ನನ್ನ ಕುರ್ಚಿಯ ಮೇಲಿನ ಹಳೇ ಶಾಲು, ಡಬ್ಬಿ, ನೀರಿನ ಬಾಟಲಿ ಎಲ್ಲ ಅವರ ಕಣ್ಣಿಗೆ ಬಿತ್ತು.

"ಇಲಿಗಿಲಿ ಇದಾವಾ ಇಲ್ಲಿ?"

"ಇಲ್ಲ ಸಾರ್, ಒಂದೂ ಇಲ್ಲ."

"ಹಾಗಾದ್ರೆ ಹಾಳೆ ತಿಂದೋರು ಯಾರು?" ಎಂದು ನಕ್ಕರು. ನಾನೂ ನಕ್ಕೆ.

ಹದಿನೇಳರ ಸೋಮವಾರದವರೆಗೆ ಕಾಯುತ್ತಾರಂತೆ. ಸಿಗದಿದ್ದರೆ 'ಸೇತುವೆ' ಕೈಬಿಡುತ್ತಾರೆ. ಹೋಗುವಾಗ ಮೆತ್ತಗೆ, "ಮ್ಯಾನೇಜರ್ರು ಈ ರೂಮು ಖಾಲಿ ಮಾಡಿಸಿ ಎಲ್ಲಾನೂ ಕಂಪ್ಯೂಟರಿಗೆ ಹಾಕ್ಸೋಣ ಅಂತಿದಾರೆ. ನಾನು ಬೇಡ ಅಂತಿದೀನಿ. ಒಂದು ಹಾಳೆ ಸಿಗಲಿಲ್ಲ ಅಂದ್ರೆ ನಾನೇನು ಹೇಳಲಿ ಹೇಳಿ?" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಈ ರೂಮು ಹೋದರೆ ನಾನೆಲ್ಲಿಗೆ ಹೋಗಲಿ? ಏಳನೇ ಕ್ಲಾಸಿನ ಅರ್ಧದಲ್ಲಿ ಅಪ್ಪ ಹಾಸಿಗೆ ಹಿಡಿದರು, ಬಿಟ್ಟೆ. ಮತ್ತೆ ಸೇರಿದೆ, ಮತ್ತೆ ಬಿಟ್ಟೆ. ಹದಿನೈದಕ್ಕೆ ಇಲ್ಲಿ ಗುಡಿಸುವ ಕೆಲಸಕ್ಕೆ ಬಂದೆ. ಒಂದು ದಿನ ಹಾಲ್ ಗುಡಿಸುತ್ತ ಕೊಳಲಿನ ಭಾಗವನ್ನು ಹಾಡಿಕೊಳ್ಳುತ್ತಿದ್ದಾಗ ಹಿಂದಿನಿಂದ ಮೇಷ್ಟ್ರು, "ಯಾರೇ ಹೇಳ್ಕೊಟ್ಟಿದ್ದು?" ಎಂದರು. ಆಗ ಲೈಬ್ರರಿ ಅವರದು. "ಕೇಳಿ ಕೇಳಿ ಬಂತು," ಎಂದೆ. ಪೊರಕೆ ಕಿತ್ತುಕೊಂಡು ಪೆನ್ಸಿಲ್ ಕೊಟ್ಟರು. ಗೆರೆಗಳ ಮೇಲೆ ಸ್ವರ ಓದುವುದನ್ನು ಅವರೇ ಕಲಿಸಿದರು. ಎರಡು ಅಡ್ಡಗೆರೆಗಳ ನಡುವಿನ ಜಾಗಕ್ಕೆ ಅವರು 'ಮನೆ' ಎನ್ನುತ್ತಿದ್ದರು. "ಒಂದೊಂದು ಮನೇಲೂ ಎಷ್ಟು ಜನ ಇದಾರೆ ಎಣಿಸು, ಸಾಕು."

ಕಾರ್ಯಕ್ರಮ ಮುಗಿದ ಮೇಲೆ ವಾದಕರು ಹಾಳೆಯ ಮೇಲೆ ಗೀಚಿದ ಪೆನ್ಸಿಲ್ ಗುರುತನ್ನೆಲ್ಲ ಅಳಿಸಿ, ಮುಂದಿನವರಿಗೆ ಚೊಕ್ಕ ಹಾಳೆ ಕೊಡುವುದು ನಮ್ಮ ಕೆಲಸ. ಶಾಯಿಯಲ್ಲಿ ಬರೆದದ್ದನ್ನು ಮುಟ್ಟುವ ಹಾಗಿಲ್ಲ, ಅದು ಮೊದಲ ಪಾಠ. ಎರಡನೆಯದು, ಅಳಿಸುವ ಮುಂಚೆ ಒಮ್ಮೆ ಹಾಡಬೇಕು. "ಬರೆದೋನಿಗೆ ಅಷ್ಟಾದ್ರೂ ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದರು. ನಾನು ತಪ್ಪದೆ ಹಾಡುತ್ತೇನೆ. ಜುಲೈನಲ್ಲೂ ಹಾಡಿರುತ್ತೇನೆ. ಆದರೆ ಆ ತಿಂಗಳು ಮೇಷ್ಟ್ರು ಬಿಟ್ಟುಹೋದ ಪಟ್ಟಿ ಹಿಡಿದು ನಲವತ್ತು ಕಟ್ಟು ಅಳಿಸಿದ್ದೆ, ಏನು ಹಾಡಿದೆ ಎಂದು ಕೇಳಿದರೆ ದೇವರಾಣೆ ಗೊತ್ತಿಲ್ಲ.

ಸಂಜೆ ಬೀಗವನ್ನು ಮೂರು ಸಲ ಎಳೆದು ನೋಡಿದೆ. ಬಸ್ ಸ್ಟಾಪಿನಿಂದ ವಾಪಸು ಹೋಗಿ ಇನ್ನೊಂದು ಸಲ ನೋಡಿದೆ.

ಮಾರ್ಚ್ 8, ಶನಿವಾರ

ಇದನ್ನು ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಬಟ್ಟೆ ಒಣಗಿಸುತ್ತಿದ್ದೆ. ಅತ್ತೆ ಒಳಗೆ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ಸದ್ದಿನ ನಡುವೆ ಅವರು ಏನೋ ಗುನುಗುವುದು ಕೇಳಿಸಿತು. ಮೊದಲು ಗಮನ ಕೊಡಲಿಲ್ಲ. ಆಮೇಲೆ ಕೈಯಲ್ಲಿದ್ದ ಒದ್ದೆ ಪಂಚೆ ಹಾಗೇ ನೆಲಕ್ಕೆ ಬಿತ್ತು. ಆ ಧಾಟಿ ಯಾವ ರೇಡಿಯೋದ್ದೂ ಅಲ್ಲ. ಒಂದು ಮೆಟ್ಟಿಲು ಹತ್ತಿ, ಎರಡು ಇಳಿದು, ಆಮೇಲೆ ಯಾರನ್ನೋ ಹುಡುಕುವ ಹಾಗೆ ಮೇಲೆ ಹೋಗುತ್ತದೆ. ಜುಲೈನ ಆ ಇರುವೆ ಸಾಲು ಕಣ್ಣ ಮುಂದೆ ಬಂತು.

"ಅತ್ತೆ, ಅದೆಲ್ಲಿಂದ ಕಲಿತ್ರಿ?"

"ಏನನ್ನ?"

"ಈಗ ಹಾಡಿದ್ರಲ್ಲ!"

"ನಾನೆಲ್ಲಿ ಹಾಡಿದೆ? ನಂಗೇನು ಹುಚ್ಚೇ?"

"ಅತ್ತೆ, ದಮ್ಮಯ್ಯ."

"ಓ, ಅದಾ? ನಿನ್ನದೇ ಕಣೇ. ಹೋದ ವರ್ಷದಿಂದ ಒಲೆ ಮುಂದೆ ನಿಂತ್ರೆ ಅದೇ, ಬಚ್ಚಲಿಗೆ ಹೋದ್ರೆ ಅದೇ. ನನ್ನ ಕಿವಿ ಮಂದ ಅಂತ ನಿನ್ನ ಗಂಡ ಊರಿಗೆಲ್ಲ ಸಾರಿದಾನೆ, ಅಂಥ ಕಿವಿಗೂ ತೂತು ಬಿದ್ದಿದೆ. ಮುಖ ಯಾಕೆ ಹಾಗ್ ಮಾಡ್ಕೊಂಡೆ? ಕೂತ್ಕೋ, ಕೂತ್ಕೋ."

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಬಾಯಲ್ಲಿ ಎಂಟು ತಿಂಗಳು ಇದ್ದದ್ದು ನನಗೇ ಗೊತ್ತಿಲ್ಲ!

ಅತ್ತೆಯ ಕೈಯಲ್ಲಿ ಮತ್ತೆ ಹಾಡಿಸಿದೆ, ನಾನೂ ಸೇರಿಕೊಂಡೆ, ಬಾಯಿಗೆ ಬಂದದ್ದನ್ನೆಲ್ಲ ಕ್ಯಾಲೆಂಡರಿನ ಹಿಂಬದಿಗೆ ಬರೆದೆ. ಅತ್ತೆ, "ಇದನ್ನ ನಾನೇ ಕಟ್ಟಿದ್ದು ಅಂತ ಹಾಕ್ಬೇಡ, ಮಾನ ಹೋಗುತ್ತೆ," ಎಂದು ನಗಿಸಿದರು. ಎಲ್ಲ ಬರೆದು ಎಣಿಸಿದರೆ ಇಪ್ಪತ್ತಮೂರು ಮನೆ. ಮೂಲಪ್ರತಿಯಲ್ಲಿ ಖಾಲಿ ಬಿಟ್ಟಿರುವುದು ಇಪ್ಪತ್ತನಾಲ್ಕು. ಐದಾರು ಸಲ ಎಣಿಸಿದೆ. ಒಂದು ಮನೆ ಇಲ್ಲ. ಒಂದು ಮನೆ ತಪ್ಪಿದವಳು ಉಳಿದ ಇಪ್ಪತ್ತಮೂರನ್ನು ಸರಿಯಾಗಿ ಇಟ್ಟುಕೊಂಡಿದ್ದಾಳೆಂದು ಯಾವ ಧೈರ್ಯದ ಮೇಲೆ ಹೇಳುವುದು?

ಮಾರ್ಚ್ 9, ಭಾನುವಾರ

ಪ್ರತಿ ಭಾನುವಾರದ ಹಾಗೆ ಮೇಷ್ಟ್ರನ್ನು ನೋಡಲು ಹೋದೆ. ನಿವೃತ್ತರಾಗಿ ಮೂರು ವರ್ಷ, ತಂಗಿಯ ಮನೆಯ ಮಹಡಿ ಕೋಣೆಯಲ್ಲಿದ್ದಾರೆ. ಎಪ್ಪತ್ತೆಂಟಾಯಿತು. ಕೈ ನಡುಗುತ್ತದೆ, ನಾಲಿಗೆ ಮಾತ್ರ ಹಾಗೇ ಇದೆ.

ಹೇಳಿಬಿಡಬೇಕೆಂದೇ ಹೋಗಿದ್ದೆ. ದೊಡ್ಡಯ್ಯನ ಬರಹವನ್ನು ನನ್ನ ಕೈಯಾರೆ ಅಳಿಸಿದೆ ಮೇಷ್ಟ್ರೇ ಎಂದು. ಮೆಟ್ಟಿಲು ಹತ್ತುವಾಗ ಮೂರು ಸಲ ಬಾಯಿಪಾಠ ಮಾಡಿಕೊಂಡೆ. ಒಳಗೆ ಹೋದರೆ, "ಏನೇ, ಹಾಡ್ಗಾರ್ತಿ, ಯಾಕೆ ಮುಖ ಬಾಡಿದೆ?" ಎಂದರು. ಬಾಯಿಪಾಠ ಹಾರಿಹೋಯಿತು.

"ಏನಿಲ್ಲ. 'ಸೇತುವೆ' ನುಡಿಸ್ತಾರಂತೆ."

ಮೇಷ್ಟ್ರ ಕೈಯಲ್ಲಿ ಟೀ ಲೋಟ ಇತ್ತು. ಅದು ಬಿತ್ತು. ಕೈ ನಡುಗುವವರು, ಬೀಳುವುದು ಹೊಸದಲ್ಲ. ನಾನು ಬಟ್ಟೆ ತಂದು ಒರೆಸಿದೆ.

"ಹೆಣ್ಣು ದನಿ?" ಎಂದು ಕೇಳಿದರು.

"ಅದು ಸಿಗ್ತಾ ಇಲ್ಲ ಮೇಷ್ಟ್ರೇ."

"ಸಿಗ್ದಿದ್ರೆ ಹೋಗ್ಲಿ ಬಿಡು." ತುಂಬ ಬೇಗ ಹೇಳಿದರು. ಆಮೇಲೆ ನಿದ್ದೆ ಬರುತ್ತಿದೆ ಎಂದು ಕಣ್ಣು ಮುಚ್ಚಿದರು. ಬೆಳಿಗ್ಗೆ ಹನ್ನೊಂದು ಗಂಟೆಗೆ ಯಾವ ನಿದ್ದೆ?

ನನ್ನ ಮೇಲೆ ಸಿಟ್ಟು ಬಂದಿರಬೇಕು. ಗೊತ್ತಾಗಿಹೋಗಿದೆ ಅವರಿಗೆ. ದಾರಿಯುದ್ದಕ್ಕೂ ಅದೇ ಯೋಚನೆ.

ಮಾರ್ಚ್ 13, ಗುರುವಾರ

ಲೈಬ್ರರಿಯಿಂದ ಹಾಳೆ ಹೊರಗೆ ತರಬಾರದು. ತಂದೆ. ಎರಡು ರಟ್ಟಿನ ನಡುವೆ ಇಟ್ಟು, ಸೀರೆಯ ಕವರಿನಲ್ಲಿ ಹಾಕಿ, ಬಸ್ಸಿನಲ್ಲಿ ಎದೆಗೆ ಅವುಚಿಕೊಂಡು ನಮ್ಮ ಯಜಮಾನರ ಅಂಗಡಿಗೆ ಹೋದೆ. ಇವರದು ಗಡಿಯಾರ ರಿಪೇರಿ. ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಪೆನ್ಸಿಲ್ ಒತ್ತಿ ಬರೆದಿದ್ರೆ ಗುಳಿ ಉಳಿದಿರುತ್ತೆ ಕಣೆ," ಎಂದರು. "ಅಳಿಸಿದ್ರೆ ಕಪ್ಪು ಹೋಗುತ್ತೆ, ಗುಳಿ ಎಲ್ಲಿಗ್ ಹೋಗುತ್ತೆ?"

ಮೇಜಿನ ಪುಟ್ಟ ದೀಪವನ್ನು ಹಾಳೆಯ ಅಂಚಿಗೆ ಅಡ್ಡ ಮಲಗಿಸಿದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಕೊಟ್ಟರು. ಬೆಳ್ಳಗಿದ್ದ ಹಾಳೆಯ ಮೇಲೆ ನೆರಳು ಎದ್ದವು. ಮೊದಲು ಒಂದು, ಆಮೇಲೆ ಸಾಲಾಗಿ. ಅಮ್ಮಾ ಎಂದು ಕೂಗಿಬಿಟ್ಟೆ, ಪಕ್ಕದ ಅಂಗಡಿಯವರು ಇಣುಕಿ ನೋಡಿದರು.

ಕ್ಯಾಲೆಂಡರಿನ ಪಕ್ಕ ಇಟ್ಟು ಒಂದೊಂದೇ ಮನೆ ಹೋಲಿಸಿದೆ. ಹದಿನೆಂಟರವರೆಗೆ ಒಂದು ಕೂದಲೆಳೆ ವ್ಯತ್ಯಾಸವಿಲ್ಲ. ಹತ್ತೊಂಬತ್ತನೆಯದು ಖಾಲಿ ಮನೆ. ಸ್ವರವೇ ಇಲ್ಲ, ಸುಮ್ಮನಿರು ಎಂಬ ಗುರುತು, ಅದರ ಕೆಳಗೆ 'ಉಸಿರು' ಎಂಬ ಮೂರು ಅಕ್ಷರ. ನಾನು ಬಿಟ್ಟದ್ದು ಮೌನದ ಮನೆಯನ್ನು! ಅಡಿಗೆಮನೆಯಲ್ಲಿ ಹಾಡುವವಳಿಗೆ ಸುಮ್ಮನಿರಲು ಪುರುಸೊತ್ತೆಲ್ಲಿ? ಜಿಗಿದು ಮುಂದೆ ಹೋಗಿದ್ದೆ.

ಕುಣಿಯುವಷ್ಟು ಖುಷಿಯಾಯಿತು. ಇವರು, "ಹಾಗಾದ್ರೆ ಸಿಕ್ತಲ್ಲ," ಎಂದರು. ಆಮೇಲೆ 'ಉಸಿರು' ಎಂಬುದನ್ನು ಇನ್ನೊಮ್ಮೆ ನೋಡಿದೆ.

ಉಸಿರು ತೆಗೆದುಕೊಳ್ಳುವ ಕಡೆ ಎಲ್ಲರೂ ಮೇಲೊಂದು ಸಣ್ಣ ಕೊಕ್ಕೆ ಹಾಕುತ್ತಾರೆ. ಅಕ್ಷರದಲ್ಲಿ ಬರೆಯುವವರು ಒಬ್ಬರೇ. ನನಗೂ ಹಾಗೇ ಬರೆಯಲು ಕಲಿಸಿದರು. 'ಸಿ' ಬಾಲ ಎಳೆದು ಪಕ್ಕದ ಅಕ್ಷರಕ್ಕೆ ತಾಗಿಸುವುದು ಅವರ ಅಭ್ಯಾಸ. ಅಳಿಸುವಾಗ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಲೈಬ್ರರಿಯ ಹಾಳೆ ಹಾಳೆಯ ಮೇಲೂ ಅವರ ಕೈಬರಹವಿದೆ, ದಿನಾ ಕಾಣುವ ಗೋಡೆಯನ್ನು ಯಾರು ಗಮನಿಸುತ್ತಾರೆ?

ಮೇಷ್ಟ್ರು ದೊಡ್ಡಯ್ಯನದನ್ನು ನಕಲು ಮಾಡಿರಬೇಕು ಎಂದುಕೊಂಡೆ. ಆದರೆ ಹತ್ತೊಂಬತ್ತನೇ ಮನೆಯಲ್ಲಿ ಗುಳಿಯ ಮೇಲೆ ಗುಳಿ. ಮೂರು ಸಲ ಸ್ವರ ಬರೆದು, ಮೂರು ಸಲ ಅಳಿಸಿ, ಕೊನೆಗೆ ಖಾಲಿ ಬಿಟ್ಟಿದ್ದಾರೆ. ಏಳರಲ್ಲಿ, ಹನ್ನೆರಡರಲ್ಲಿ ಕೂಡ ಹಾಗೇ. ನಾನು ಇಪ್ಪತ್ತೇಳು ವರ್ಷ ನಕಲು ಮಾಡಿದವಳು. ನಕಲು ಮಾಡುವವನು ತಡವರಿಸುವುದಿಲ್ಲ. ನೋಡುತ್ತಾನೆ, ಬರೆಯುತ್ತಾನೆ. ತಡವರಿಸುವವನು ಕಟ್ಟುವವನು.

ಮಾರ್ಚ್ 14, ಶುಕ್ರವಾರ

ದೊಡ್ಡಯ್ಯನದಲ್ಲ. ದೊಡ್ಡಯ್ಯನದಲ್ಲ. ಇಡೀ ದಿನ ತಲೆಯಲ್ಲಿ ಇಷ್ಟೇ.

ಮಾರ್ಚ್ 16, ಭಾನುವಾರ

ಮೇಷ್ಟ್ರ ಎದುರು ಕೂತು ಮಾತಾಡಲಿಲ್ಲ. ಹಾಡಿದೆ. ಇಪ್ಪತ್ತನಾಲ್ಕು ಮನೆಯನ್ನೂ. ಹತ್ತೊಂಬತ್ತರಲ್ಲಿ ಸುಮ್ಮನಾದೆ.

ಮೇಷ್ಟ್ರು ಗೋಡೆಯ ಕಡೆ ತಿರುಗಿ ಮಲಗಿದರು. ಬೆನ್ನು ಅಲುಗುತ್ತಿತ್ತು.

"ಅಳಿಸ್ಲಿಲ್ವಾ ನೀನು?"

"ಅಳಿಸಿದೆ. ಜುಲೈನಲ್ಲಿ."

"ಮತ್ತೆ?"

"ಅಳಿಸೋ ಮುಂಚೆ ಹಾಡಿದ್ದೆ. ನೀವೇ ಹೇಳಿದ್ದಲ್ವಾ."

ಆಮೇಲೆ ಅವರು ನಕ್ಕ ನಗು ನಾನು ಈವರೆಗೆ ಕೇಳಿಲ್ಲ. ಕೆಮ್ಮು ಬರುವವರೆಗೆ ನಕ್ಕರು. "ಅದೊಂದು ಮರೆತೇಹೋಗಿತ್ತಲ್ಲೇ ನಂಗೆ! ಎಂಥ ದಡ್ಡ ನಾನು."

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಮೂವತ್ತೊಂದು ವರ್ಷದ ಹಿಂದೆ, ಕಾರ್ಯಕ್ರಮದ ಹಿಂದಿನ ಮಧ್ಯಾಹ್ನ, ದೊಡ್ಡಯ್ಯ ಲೈಬ್ರರಿಗೆ ಬಂದು, "ನಂಗೆ ಬರ್ತಾ ಇಲ್ಲ ಕಣಯ್ಯ, ಆ ಜಾಗ ಕಿತ್ತುಹಾಕು," ಎಂದರಂತೆ. ವಯೋಲಕ್ಕೆ ಜನ ಸಾಲದಿದ್ದಾಗ ಕೊನೆಯ ಕುರ್ಚಿಯಲ್ಲಿ ಮೇಷ್ಟ್ರೇ ಕೂರುತ್ತಿದ್ದರು. ಊಟದ ಹೊತ್ತಿನಲ್ಲಿ ತಮ್ಮ ಹಾಳೆಯ ಅಡಿಯಲ್ಲೇ ಬರೆದು, ಹೆದರಿ ಹೆದರಿ ತೋರಿಸಿದರಂತೆ. ದೊಡ್ಡಯ್ಯ ಓದಿದರು. ಏನೂ ಹೇಳಲಿಲ್ಲ. ಹಾಳೆಯನ್ನು ಹಾಗೇ ಗಾಯಕಿಯ ಕೈಗೆ ಕೊಟ್ಟರು. ಮಾರನೇ ದಿನ ಜನ ಎದ್ದು ನಿಂತರು. ಅವತ್ತಿನಿಂದ ಸಾಯುವವರೆಗೆ ಇಬ್ಬರೂ ಆ ಮಾತೆತ್ತಲಿಲ್ಲ. 'ಸೇತುವೆ'ಯನ್ನು ಮತ್ತೆ ನುಡಿಸಲೂ ಇಲ್ಲ.

"ಪ್ರತಿ ವರ್ಷ ಆ ಕಟ್ಟು ತೆಗೀತಿದ್ದೆ, ಅಳಿಸೋಣ ಅಂತ. ಕೈ ಬರ್ತಿರಲಿಲ್ಲ. ರಿಟೈರ್ ಆಗೋವಾಗ ನೀನು ಅಳಿಸಬೇಕಾದ ಕಟ್ಟುಗಳ ಪಟ್ಟಿಗೆ ಅದನ್ನೂ ಸೇರಿಸ್ದೆ. ನಿಂಗೆ ಗೊತ್ತಿಲ್ವಲ್ಲ, ಸಲೀಸಾಗಿ ಅಳಿಸ್ತೀಯ ಅಂತ."

ಹದಿಮೂರು ದಿನದಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ. ಯಾರ ಮೇಲೂ ದನಿ ಎತ್ತದ ನಾನು, ಅದೂ ಮೇಷ್ಟ್ರ ಮೇಲೆ, ಎತ್ತಿಬಿಟ್ಟೆ.

"ನಿಮ್ಮ ಕೈಗೆ ಆಗದೇ ಇದ್ದಿದ್ದನ್ನ ನನ್ನ ಕೈಲಿ ಮಾಡಿಸಿದ್ರಾ? ನಾಚಿಕೆ ಆಗ್ಲಿಲ್ವಾ ನಿಮ್ಗೆ?"

"ಆಗ್ತಿದೆ," ಎಂದರು.

"ನಾಳೆ ಸಾಹೇಬರಿಗೆ ಹೇಳ್ತೀನಿ."

"ಬೇಡ ಮಗಳೇ. ದೊಡ್ಡೋರ ಹೆಸರು. ಪೆನ್ಸಿಲಲ್ಲಿ ಬರೆದಿದ್ದು ಬಾಡಿಗೆ ಮನೆ ಇದ್ದ ಹಾಗೆ, ಬಿಟ್ಟು ಹೋಗ್ಬೇಕು. ನಾನು ಸತ್ತ ಮೇಲೆ ಬೇಕಾದ್ರೆ ಹೇಳ್ಕೋ."

ಬಾಗಿಲು ಹಾಕಿಕೊಂಡು ಬಂದೆ. ಜೋರಾಗಿ ಬಡಿದುಕೊಂಡಿತು. ನಾನು ಬಡಿದದ್ದಲ್ಲ, ಗಾಳಿ. ಇಲ್ಲ, ನಾನೇ.

ಮಾರ್ಚ್ 17, ಸೋಮವಾರ

"ಸಿಕ್ತಾ?" ಎಂದರು ಸಾಹೇಬರು.

"ಸಿಗೋದಿಲ್ಲ ಸಾರ್. ಜುಲೈನಲ್ಲಿ ನಾನೇ ಅಳಿಸ್ದೆ. ಅವತ್ತು ನಿಮ್ಗೆ ಸುಳ್ಳು ಹೇಳ್ದೆ."

ಅವರ ಮುಖ ಬಿಳುಚಿಕೊಂಡಿತು. ಕಡ್ಡಿಯನ್ನು ಮೇಜಿನ ಮೇಲಿಟ್ಟು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. "ಏನಮ್ಮಾ ಇದು... ಏನಮ್ಮಾ ಇದು," ಎಂದು ನಾಲ್ಕು ಸಲ ಅಂದಿರಬೇಕು.

"ಆದ್ರೆ ಬಾಯಲ್ಲಿದೆ," ಎಂದೆ. ಅವರು ಏನೂ ಹೇಳುವ ಮುಂಚೆ ಹಾಡತೊಡಗಿದೆ. ಹಾಡದೆ ನಿಂತರೆ ಅತ್ತುಬಿಡುತ್ತಿದ್ದೆ, ಅಷ್ಟೇ ಕಾರಣ. ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ತುತ್ತೂರಿಯವರು, ಪಿಟೀಲಿನವರು ಇಬ್ಬರು ನಿಂತಿದ್ದರು. ಸಾಹೇಬರ ಕಣ್ಣು ತೆರೆದದ್ದು ತೆರೆದ ಹಾಗೇ ಇತ್ತು.

"ಇಷ್ಟು ದಿನ ಎಲ್ಲಿದ್ರಿ ನೀವು?"

"ಇಲ್ಲೇ ಸಾರ್. ಕೋರಸ್ಸಲ್ಲಿ ಹಿಂದಿನ ಸಾಲು, ಎಡಗಡೆ ಕಂಬದ ಪಕ್ಕ." ಜನ ಬೇಕಾದಾಗ ನನ್ನನ್ನೂ ಹಾಡಲು ನಿಲ್ಲಿಸುತ್ತಾರೆ. ಹತ್ತು ವರ್ಷದ ಹಿಂದೆ ಒಂಟಿ ಹಾಡಿಗೆ ಹೆಸರು ಕೊಡಲು ಹೋಗಿ, ಅರ್ಜಿಯಲ್ಲಿ 'ವಿದ್ಯಾಭ್ಯಾಸ' ಎಂಬ ಖಾನೆ ತುಂಬಲಾಗದೆ ವಾಪಸು ಬಂದಿದ್ದೆ. ಅದನ್ನು ಸಾಹೇಬರಿಗೆ ಹೇಳಲಿಲ್ಲ.

"ಐದನೇ ತಾರೀಕು ನೀವೇ ಹಾಡ್ತೀರಿ," ಎಂದರು. ಎಂಟುನೂರು ಜನರ ಮುಂದೆ. ದೀಪದ ಕೆಳಗೆ. ಆಗಲ್ಲ ಸಾರ್ ಎನ್ನಬೇಕೆಂದು ಬಾಯಿ ತೆರೆದೆ. ಬಂದದ್ದು ಬೇರೆ.

"ದೊಡ್ಡಯ್ಯನ ಹೆಸರಲ್ಲಾದ್ರೆ ಹಾಡಲ್ಲ. ಇದು ಅವರದ್ದಲ್ಲ."

"ಮತ್ಯಾರದು?"

"ಅದನ್ನ ಅವರು ಒಪ್ಪಿದ್ರೆ ಹೇಳ್ತೀನಿ. ಒಪ್ಪಲಿಲ್ಲ ಅಂದ್ರೆ ಯಾರ ಹೆಸರೂ ಬೇಡ, ಖಾಲಿ ಬಿಡಿ."

"ಲೈಬ್ರರಿಯಮ್ಮ, ನೀವು ನನಗೆ ಷರತ್ತು ಹಾಕ್ತಿದೀರಾ?"

"ಇಲ್ಲ ಸಾರ್," ಎಂದೆ. ಈಗ ಬರೆಯುವಾಗ ಅನ್ನಿಸುತ್ತಿದೆ, ಅದು ಷರತ್ತೇ ಇರಬೇಕು. ದೇವರೇ.

ಹಾಳೆ ತೋರಿಸಿ ಗುಳಿಯ ವಿಷಯ ಹೇಳಿದೆ. ನಾಳೆ ದೊಡ್ಡಯ್ಯನ ಮಗಳಿಗೆ ಫೋನ್ ಮಾಡುತ್ತಾರಂತೆ. ಬೀಗ ಹಾಕಿದ್ದು ನೆನಪಿದೆ, ಎಳೆದು ನೋಡಿದೆನೋ ಇಲ್ಲವೋ ನೆನಪಿಲ್ಲ.

ಮಾರ್ಚ್ 21, ಶುಕ್ರವಾರ

ಆಕೆ ಬಂದರು. ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಇಸ್ತ್ರಿ ಸೀರೆ, ನೇರ ಬೆನ್ನು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಳಿಸಿದೋರು ನೀವೇನಾ?" ಎಂದರು.

"ಹೌದು."

"ಅಳಿಸಿದ್ದೂ ಅಲ್ದೆ ಅಪ್ಪನದ್ದಲ್ಲ ಅಂತ ಬೇರೆ ಹೇಳ್ತೀರಂತೆ. ತಪ್ಪು ಮುಚ್ಚಿಕೊಳ್ಳೋಕೆ ಸತ್ತೋರ ಮೇಲೆ ಹಾಕೋದು ಸುಲಭ, ಅಲ್ವಾ?"

ಕಡ್ಡಿ ಸಾಹೇಬರು ನೆಲ ನೋಡುತ್ತಿದ್ದರು. ನಾನು ಇವರ ಅಂಗಡಿಯ ದೀಪ ತಂದಿಟ್ಟುಕೊಂಡಿದ್ದೆ. ಕಿಟಕಿಯ ಪರದೆ ಎಳೆದು, ದೀಪವನ್ನು ಅಡ್ಡ ಮಲಗಿಸಿ, ಭೂತಗನ್ನಡಿಯನ್ನು ಆಕೆಯ ಕೈಗೆ ಕೊಟ್ಟೆ. "ನೀವೇ ನೋಡಿ ಅಮ್ಮಾ," ಎಂದೆ.

ತುಂಬ ಹೊತ್ತು ಬಗ್ಗಿ ನೋಡಿದರು. ಮೊದಲ ಸಾಲು. ಎರಡನೇ ಸಾಲು. 'ಉಸಿರು' ಇದ್ದ ಕಡೆ ಬಂದು ನಿಂತರು. ಆಕೆಯ ಬೆನ್ನು ನಿಧಾನವಾಗಿ ಬಾಗಿತು.

"ಇದು ಲೈಬ್ರರಿ ಮಾಮನ ಕೈ."

ಹೆಸರು ನನ್ನ ಬಾಯಿಂದ ಬಂದಿರಲಿಲ್ಲ.

"ನನ್ನ ಸ್ಕೂಲ್ ಪುಸ್ತಕಕ್ಕೆಲ್ಲ ಅವರೇ ರಟ್ಟು ಹಾಕಿ, ಹೆಸರು ಬರೆದುಕೊಡ್ತಿದ್ರು. ಈ 'ಸಿ' ನಂಗೆ ಗೊತ್ತು." ಆಮೇಲೆ ಇನ್ನೂ ಬಗ್ಗಿ, "ಎಷ್ಟು ತಿದ್ದಿದಾರೆ... ಅಪ್ಪ ತಿದ್ದಿದೋರಲ್ಲ. ಸರಿ ಬರ್ಲಿಲ್ಲ ಅಂದ್ರೆ ಹರಿದು ಬಿಸಾಕೋರು," ಎಂದರು. ಕುರ್ಚಿ ಸಿಗುತ್ತದೋ ಇಲ್ಲವೋ ನೋಡದೆ ಕೂತರು. ನಾನು ಕುರ್ಚಿ ಸರಿಸಿದ್ದರಿಂದ ಬಚಾವು.

"ಅಪ್ಪಂಗೆ ಗೊತ್ತಿತ್ತಾ? ಜನ ಚಪ್ಪಾಳೆ ಹೊಡಿಯೋವಾಗ?"

ಇರಬಹುದೇನೋ, ಯಾರಿಗೆ ಗೊತ್ತು, ಎಂದು ಹೇಳಬಹುದಿತ್ತು.

"ಗೊತ್ತಿತ್ತಮ್ಮಾ," ಎಂದೆ.

ಆಕೆ ಎದ್ದು ಹೋದರು. ಬಾಗಿಲಿನಾಚೆ ಚಪ್ಪಲಿಯ ಸದ್ದು ಒಮ್ಮೆ ನಿಂತಿತು, ಮತ್ತೆ ಮುಂದುವರಿಯಿತು.

ಮಾರ್ಚ್ 26, ಬುಧವಾರ

ದೊಡ್ಡಯ್ಯನ ಮಗಳಿಂದ ಒಂದು ಸಾಲು ಬಂದಿದೆ: 'ಬರೆದವರ ಹೆಸರು ಹಾಕಿ. ನಾನು ಬರುವುದಿಲ್ಲ.'

ಅದನ್ನು ತೆಗೆದುಕೊಂಡು ಮೇಷ್ಟ್ರ ಹತ್ತಿರ ಹೋದೆ. ಹೋದ ಭಾನುವಾರ ಹೋಗಿರಲಿಲ್ಲ, ಸಿಟ್ಟಿತ್ತು. ಮೇಷ್ಟ್ರು ಓದಿ ಕಾಗದವನ್ನು ದಿಂಬಿನ ಕೆಳಗಿಟ್ಟುಕೊಂಡರು.

"ಆ ಪುಟ್ಟಿಗೆ ಗೊತ್ತಾಗಿಹೋಯ್ತಾ?"

"ನಿಮ್ಮ ಅಕ್ಷರ ಗುರುತು ಹಿಡಿದ್ರು."

ದಿಂಬಿನ ಕೆಳಗಿಂದ ಕಾಗದ ತೆಗೆದು ಇನ್ನೊಮ್ಮೆ ಓದಿದರು.

"ಸಣ್ಣ ಅಕ್ಷರದಲ್ಲಿ ಹಾಕ್ಸು," ಎಂದರು ಕೊನೆಗೆ.

"ಅಚ್ಚಿನ ವಿಷಯ ನನಗೆ ಬಿಡಿ," ಎಂದೆ. ಪ್ರೆಸ್ಸಿಗೆ ಹೋಗಿ, ದೊಡ್ಡಯ್ಯನ ಹೆಸರು ಯಾವ ಅಳತೆಯಲ್ಲಿದೆಯೋ ಅದೇ ಅಳತೆಯಲ್ಲಿ ಹಾಕಿಸಿ ಬಂದೆ.

ಏಪ್ರಿಲ್ 6, ಭಾನುವಾರ

ನಿನ್ನೆ ಆಯಿತು.

ಏನಾಯಿತೆಂದು ಪೂರ್ತಿ ನೆನಪಿಲ್ಲ. ಬೆಳಕು ಮುಖಕ್ಕೆ ಬಿದ್ದಾಗ ಎಂಟುನೂರು ಜನ ಕಾಣಲೇ ಇಲ್ಲ, ಬರೀ ಕತ್ತಲು. ಅತ್ತೆ ಎರಡನೇ ಸಾಲಿನಲ್ಲಿ ಕೂತು ಗಟ್ಟಿಯಾಗಿ, "ನಮ್ಮೋಳೇ!" ಎಂದದ್ದು ಮಾತ್ರ ಕೇಳಿಸಿತು. ಎಲ್ಲ ವಾದ್ಯಗಳೂ ಸಣ್ಣಗಾದವು. ಶುರು ಮಾಡಿದೆ.

ಹದಿನೆಂಟನೇ ಮನೆ ದಾಟಿ ಖಾಲಿ ಮನೆಗೆ ಬಂದೆ. ಸುಮ್ಮನಾದೆ. ನಾಲ್ಕು ಎಣಿಸಿದೆ, ಇನ್ನು ಮುಂದಿನ ಮನೆಗೆ ಕಾಲಿಡಬೇಕು. ಇಡಲಿಲ್ಲ. ಮೇಷ್ಟ್ರು ಅಲ್ಲೇ ಎಲ್ಲೋ ಹಿಂದೆ ಗಾಲಿ ಕುರ್ಚಿಯಲ್ಲಿದ್ದಾರೆ, ಮೂವತ್ತೊಂದು ವರ್ಷ ಅವರು ಸುಮ್ಮನಿದ್ದದ್ದು ಇಲ್ಲೇ, ಇಷ್ಟು ಬೇಗ ಹೇ‌ಗೆ ದಾಟುವುದು ಎನಿಸಿತು. ಸಾಹೇಬರ ಕಡ್ಡಿ ಮೇಲೆ ಹೋದದ್ದು ಮೇಲೇ ನಿಂತಿತು. ಕಣ್ಣು ಇಷ್ಟಗಲ ಮಾಡಿ ನನ್ನನ್ನೇ ನೋಡುತ್ತಿದ್ದರು. ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಆಮೇಲೆ ಹಾಡಿದೆ.

ಮುಗಿದ ಮೇಲೆ ಬಾಗಿಲ ಹತ್ತಿರ ದೊಡ್ಡಯ್ಯನ ಮಗಳನ್ನು ಕಂಡ ಹಾಗಾಯಿತು. ಅವರೋ, ಅವರ ಹಾಗೆ ಇನ್ಯಾರೋ. ನಾನು ಜನರನ್ನು ಸರಿಸಿಕೊಂಡು ಹೋಗುವಷ್ಟರಲ್ಲಿ ಇರಲಿಲ್ಲ.

ಮೇಷ್ಟ್ರ ಕುರ್ಚಿಯ ಪಕ್ಕ ಕೂತೆ. ಹೊಗಳುತ್ತಾರೆ ಎಂದುಕೊಂಡಿದ್ದೆ, ಯಾಕೆ ಸುಳ್ಳು. ಕಣ್ಣು ಒರೆಸಿಕೊಂಡು, ಕತ್ತು ನನ್ನ ಕಡೆ ತಿರುಗಿಸಿ, "ನಾನು ಬರೆದಿದ್ದು ಒಂದು ಖಾಲಿ ಮನೆ. ನೀನು ಎರಡು ಮನೆ ಸುಮ್ಮನೆ ನಿಂತೆ," ಎಂದರು.

"ಬೇಕಿತ್ತು ಮೇಷ್ಟ್ರೇ."

"ಹಾಗಾದ್ರೆ ಬರ್ಕೋ."

ಇವತ್ತು ಭಾನುವಾರವಾದರೂ ಹೋಗಿ ಲೈಬ್ರರಿ ತೆಗೆದೆ. ವಯೋಲದ ಕೊನೆಯ ಹಾಳೆ ತೆಗೆದು ಗುಳಿಗಳ ಮೇಲೆಯೇ ಒಂದೊಂದಾಗಿ ಬರೆದೆ. ಹತ್ತೊಂಬತ್ತು ಖಾಲಿ, ಅದರ ಕೆಳಗೆ ಅವರ 'ಉಸಿರು'. ಇಪ್ಪತ್ತೂ ಖಾಲಿ, ಅದರ ಕೆಳಗೆ ನನ್ನದು. ಒಟ್ಟು ಇಪ್ಪತ್ತೈದು ಮನೆ. ಮುಗಿಸಿ ಊದುವಾಗ ಗೊತ್ತಾಯಿತು, ಬರೆದ ಸ್ವರಗಳಿನ್ನೂ ಒದ್ದೆಯಾಗಿದ್ದವು. ಮೇಜಿನ ಮೇಲೆ ಕೈಗೆ ಸಿಕ್ಕಿದ್ದು ಪೆನ್ಸಿಲಲ್ಲ, ಶಾಯಿ ಪೆನ್ನು.

ಒಣಗುವವರೆಗೆ ಕಾದೆ. ಅದೇ ಪೆನ್ನು ಚೀಲದಲ್ಲಿ ಬಂದುಬಿಟ್ಟಿದೆ. ಇವತ್ತಿನ ಈ ದಿನಚರಿಯನ್ನೂ ಅದರಲ್ಲೇ ಬರೆದೆ.